ಪೆಟ್ಟಿಗೆಯೊಳಗಿನ ಆಹಾರ ಪಾತ್ರೆ: ಯಾವ ಕುಟುಂಬಕ್ಕೆ ಯಾವುದು?

ಜೇನು ಕುಟುಂಬಕ್ಕೆ ಸಕ್ಕರೆ ಪಾಕ ಕೊಡಬೇಕಾಗಿ ಬಂದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಫೀಡರ್, ಅಂದರೆ ಪಾಕ ಉಣಿಸುವ ಪಾತ್ರೆ, ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದನ್ನು. ನನ್ನ ದೃಷ್ಟಿಯಲ್ಲಿ ಅದು ಎರಡನೆಯ ಪ್ರಶ್ನೆ. ನೊಣಗಳು ಗುಂಪುಗೂಡಿ ಕುಳಿತಿರುವ ಜಾಗದಿಂದ ಪಾಕ ಎಷ್ಟು ದೂರದಲ್ಲಿದೆ, ಈಗಿರುವ ಹವೆಯಲ್ಲಿ ಮತ್ತು ಈಗಿರುವ ಸಂಖ್ಯಾಬಲದಲ್ಲಿ ಅವು ಆ ದೂರವನ್ನು ದಾಟಿ ಹೋಗಿ ಬರಬಲ್ಲವೇ ಎಂಬುದನ್ನು ಮೊದಲು ನೋಡಬೇಕು. ಮೇಲಿನ ತಟ್ಟೆಯಲ್ಲಿ ಹತ್ತು ಲೀಟರ್ ಪಾಕ ತುಂಬಿ ನಿಂತಿದ್ದರೂ, ಕೆಳಗೆ ಮೂರು ನಾಲ್ಕು ಮೇಣದ ಎರಿಗಳ ನಡುವೆ ಮುದುಡಿ ಕುಳಿತ ಸಣ್ಣ ಕುಟುಂಬ ಚಳಿಯ ರಾತ್ರಿಗಳಲ್ಲಿ ಹಸಿವಿನಿಂದ ಸಾಯುವುದುಂಟು. ಒಂದೇ ಲೀಟರಿನ ಡಬ್ಬಿ ಅದೇ ಕುಟುಂಬದ ನೆತ್ತಿಯ ಮೇಲೆ ಬೋರಲಾಗಿ ಕುಳಿತಿದ್ದರೆ ಅದು ಉಳಿದುಕೊಳ್ಳುತ್ತದೆ. ಮುಂದಿನ ಹೋಲಿಕೆಯಲ್ಲಿ ಈ ದೂರವೇ ಮುಖ್ಯ ಅಳತೆ. ಹಿಡಿಸುವ ಪ್ರಮಾಣ, ನೊಣಗಳು ಮುಳುಗುವ ಅಪಾಯ, ಪೆಟ್ಟಿಗೆಯನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆ ಎಂಬುದು, ತೊಳೆಯುವ ಶ್ರಮ, ಇವು ಅದರ ಹಿಂದೆ ಬರುತ್ತವೆ.

ಬಾಗಿಲಿಗೆ ಸಿಕ್ಕಿಸುವ ಬೋರ್ಡ್‌ಮನ್ ಮಾದರಿಯ ಫೀಡರ್ ಮತ್ತು ಬಯಲಿನಲ್ಲಿ ಬೋಗುಣಿಯಲ್ಲಿಟ್ಟು ಎಲ್ಲ ಪೆಟ್ಟಿಗೆಗಳಿಗೂ ಒಟ್ಟಿಗೆ ಉಣಿಸುವ ಪದ್ಧತಿ, ಇವೆರಡನ್ನೂ ಈ ಹೋಲಿಕೆಯಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ಬಾಗಿಲಿನ ಫೀಡರಿನಲ್ಲಿ ಪಾಕದ ಮಟ್ಟ ಹೊರಗಿನಿಂದಲೇ ಕಾಣುತ್ತದೆ ಎಂಬ ಅನುಕೂಲವಿದೆ. ಆದರೆ ಪಾಕದ ವಾಸನೆ ಬಾಗಿಲಲ್ಲೇ ನಿಂತು ನೆರೆಯ ಬಲಿಷ್ಠ ಕುಟುಂಬಗಳನ್ನು ಕೊಳ್ಳೆಗೆ ಕರೆಯುತ್ತದೆ, ಕಾವಲಿಗೆ ಸಾಕಷ್ಟು ನೊಣಗಳಿಲ್ಲದ ದುರ್ಬಲ ಕುಟುಂಬಕ್ಕೆ ಅದೇ ಮುಳುವಾಗುತ್ತದೆ. ಬಯಲಿನ ಉಣಿಸುವಿಕೆಯಲ್ಲಿ ಬಲಿಷ್ಠ ಕುಟುಂಬವೇ ಹೆಚ್ಚು ಹೊತ್ತೊಯ್ಯುತ್ತದೆ, ಯಾವುದಕ್ಕೆ ಬೇಕಿತ್ತೋ ಅದಕ್ಕೆ ಕಡಿಮೆ ದಕ್ಕುತ್ತದೆ. ಸುತ್ತಲಿನ ಕಾಡುಕುಟುಂಬಗಳೂ ಕಣಜಗಳೂ ಪಾಲು ಪಡೆಯುತ್ತವೆ, ರೋಗ ಹರಡುವುದಕ್ಕೂ ದಾರಿಯಾಗುತ್ತದೆ.

ಪೆಟ್ಟಿಗೆಯ ಮೇಲಂತಸ್ತಾದ ಜೇನು ಕೋಣೆಯಲ್ಲಿ ಮನುಷ್ಯರ ಬಳಕೆಗೆ ತೆಗೆಯಬೇಕಾದ ಜೇನು ತುಂಬುತ್ತಿರುವಾಗ ಯಾವ ಫೀಡರನ್ನೂ ಇಡಬಾರದು. ಹಾಗೆ ಇಟ್ಟರೆ ಸಕ್ಕರೆ ಪಾಕವೂ ಅದೇ ಎರಿಯೊಳಗೆ ಸೇರಿ, ತೆಗೆದದ್ದು ಜೇನುತುಪ್ಪವಾಗಿ ಉಳಿಯುವುದಿಲ್ಲ. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಪಾಕ ಮೊದಲು, ಪಾತ್ರೆ ನಂತರ

ಫೀಡರಿನ ಆಯ್ಕೆಗೂ ಪಾಕದ ಗಟ್ಟಿತನಕ್ಕೂ ನೇರ ಸಂಬಂಧವಿದೆ. ತೂಕದಲ್ಲಿ ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು ಬೆರೆಸಿದ್ದು ತೆಳುಪಾಕ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನದ್ದು ಗಟ್ಟಿಪಾಕ. ಹೊರಗೆ ಮಕರಂದ ಬರುತ್ತಿದೆ ಎಂಬ ಭಾವನೆಯನ್ನು ಕುಟುಂಬದಲ್ಲಿ ಹುಟ್ಟಿಸಿ ರಾಣಿಯ ಮೊಟ್ಟೆಯಿಡುವಿಕೆಗೂ ಹೊಸ ಎರಿ ಕಟ್ಟುವುದಕ್ಕೂ ಚುರುಕು ಕೊಡಬೇಕಾದಾಗ ತೆಳುಪಾಕ ಬೇಕು. ಹೂವಿಲ್ಲದ ದೀರ್ಘ ಅವಧಿಗೆ ದಾಸ್ತಾನು ತುಂಬಿಸಬೇಕಾದಾಗ ಗಟ್ಟಿಪಾಕ ಬೇಕು. ಒಂದು ಲೀಟರ್ ನೀರಿಗೆ ಒಂದು ಕಿಲೋ ಸಕ್ಕರೆ ಕರಗಿಸಿದರೆ ಸುಮಾರು 1.6 ಲೀಟರ್ ಪಾಕ ಸಿಗುತ್ತದೆ, ಎರಡು ಕಿಲೋ ಕರಗಿಸಿದರೆ ಸುಮಾರು 2.25 ಲೀಟರ್ ಸಿಗುತ್ತದೆ. ಪಾತ್ರೆ ತುಂಬಲು ಎಷ್ಟು ಸಕ್ಕರೆ ಬೇಕೆಂದು ಲೆಕ್ಕ ಹಾಕುವಾಗ ಇದು ನೆನಪಿರಲಿ.

ನೊಣಗಳು ಪಾಕವನ್ನು ಹೀರಿ ಎರಿಯ ಕಣಗಳಿಗೆ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೇಣದ ಮುಚ್ಚಳ ಹಾಕುವ ಮೊದಲು ಅವು ಅದರ ನೀರಿನಂಶವನ್ನು ನೂರಕ್ಕೆ 18ರ ಆಸುಪಾಸಿಗೆ ಇಳಿಸಬೇಕು. ಎರಡು ಕಿಲೋ ಸಕ್ಕರೆಯನ್ನು ಗಟ್ಟಿಪಾಕವಾಗಿ ಕೊಟ್ಟರೆ ಅವು ಆವಿಯಾಗಿಸಿ ಹೊರಹಾಕಬೇಕಾದ ನೀರು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಅದೇ ಎರಡು ಕಿಲೋ ತೆಳುಪಾಕವಾಗಿ ಹೋದರೆ ಒಂದೂವರೆ ಲೀಟರಿಗಿಂತ ಹೆಚ್ಚು. ತಂಪು ಹವೆಯಲ್ಲಿ ಈ ಮೂರು ಪಟ್ಟು ತೇವ ಪೆಟ್ಟಿಗೆಯ ಮುಚ್ಚಳದಲ್ಲಿ ಹನಿಗಟ್ಟಿ ನೊಣಗಳ ಮೇಲೆಯೇ ಬೀಳುತ್ತದೆ. ದಾಸ್ತಾನಿಗೆಂದು ತೆಳುಪಾಕವನ್ನು ದೊಡ್ಡ ತಟ್ಟೆಯಲ್ಲಿ ಸುರಿಯುವುದನ್ನು ನಾನು ಒಪ್ಪದಿರಲು ಇದೇ ಕಾರಣ.

ಗಟ್ಟಿಪಾಕಕ್ಕೂ ಅದರದ್ದೇ ತೊಡಕಿದೆ. ಸಾಧಾರಣ ತಾಪಮಾನದಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲ ಸಕ್ಕರೆಯೇ ಸುಮಾರು ಎರಡು ಕಿಲೋ. ಆದ್ದರಿಂದ ಬಿಸಿನೀರಿನಲ್ಲಿ ಸಲೀಸಾಗಿ ಕರಗಿದ ಸಕ್ಕರೆ ತಣ್ಣಗಾದಾಗ ಹರಳುಗಟ್ಟಬಹುದು. ಅಗಲ ಬಾಯಿಯ ಪಾತ್ರೆಗೆ ಅದು ಅಡ್ಡಿಯಲ್ಲ, ಸೂಜಿಮೊನೆಯಷ್ಟು ತೂತುಗಳಿರುವ ಡಬ್ಬಿಯ ತೂತುಗಳನ್ನು ಮಾತ್ರ ಅದು ಮುಚ್ಚಿಬಿಡುತ್ತದೆ. ನೀರನ್ನು ಬಿಸಿ ಮಾಡಿ, ಒಲೆಯಿಂದಿಳಿಸಿದ ಮೇಲೆ ಸಕ್ಕರೆ ಹಾಕಿ ಕದಡಬೇಕು. ಪಾಕವನ್ನು ಕುದಿಸುವುದೂ ನಿಂಬೆರಸದಂತಹ ಹುಳಿ ಸೇರಿಸುವುದೂ ಸಲ್ಲದು, ಏಕೆಂದರೆ ಹುಳಿ ಮತ್ತು ಕಾವು ಸೇರಿದಾಗ ಸಕ್ಕರೆಯಿಂದ ಹೈಡ್ರಾಕ್ಸಿಮೀಥೈಲ್‌ಫರ್ಫ್ಯುರಾಲ್ ಎಂಬ ವಸ್ತು ಹುಟ್ಟುತ್ತದೆ, ಅದು ನೊಣಗಳಿಗೆ ವಿಷ. ಬೆಲ್ಲ, ಕಂದು ಸಕ್ಕರೆ, ಕಾಕಂಬಿಗಳಲ್ಲಿ ನೊಣದ ಕರುಳಿಗೆ ಜೀರ್ಣವಾಗದ ಅಂಶಗಳಿರುವುದರಿಂದ ಭೇದಿ ಹಿಡಿಯುತ್ತದೆ. ಶುದ್ಧ ಬಿಳಿ ಸಕ್ಕರೆಯೇ ಸರಿ. ಯಾವ ಕುಟುಂಬದ್ದೆಂದು ತಿಳಿಯದ ಜೇನನ್ನು ಉಣಿಸುವುದು ಇದಕ್ಕಿಂತಲೂ ಅಪಾಯಕರ. ಅಮೆರಿಕನ್ ಫೌಲ್‌ಬ್ರೂಡ್ ಎಂಬ ಮರಿ ಕೊಳೆಯುವ ರೋಗದ ಬೀಜಕಣಗಳು ಜೇನಿನಲ್ಲಿ ದಶಕಗಳ ಕಾಲ ಜೀವಂತವಾಗಿರಬಲ್ಲವು.

ಚೌಕಟ್ಟು ಫೀಡರ್

ಲ್ಯಾಂಗ್‌ಸ್ಟ್ರಾತ್ ಅವರು 1852ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯಲ್ಲಿ ಎರಿ ಹಿಡಿದಿರುವ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಬೇರೆಡೆ ಇಡಬಹುದು. ಒಂದು ಚೌಕಟ್ಟು ಎತ್ತಿದ ಜಾಗದಲ್ಲಿ ಅದೇ ಆಕಾರದ ತೆಳ್ಳನೆಯ ತೊಟ್ಟಿಯನ್ನು ಇಳಿಬಿಟ್ಟರೆ ಅದೇ ಚೌಕಟ್ಟು ಫೀಡರ್. ಹಳೆಯ ಜೇನು ಸಾಕಣೆಗಾರರು ಇದನ್ನು ಡೂಲಿಟಲ್ ಫೀಡರ್ ಎಂದೂ ಕರೆಯುತ್ತಾರೆ. ಒಂದು ಚೌಕಟ್ಟಿನ ಅಗಲದ್ದು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಲೀಟರ್ ಹಿಡಿಯುತ್ತದೆ, ಎರಡು ಚೌಕಟ್ಟುಗಳ ಜಾಗ ತಿನ್ನುವ ಮಾದರಿ ಅದಕ್ಕಿಂತ ಸಾಕಷ್ಟು ಹೆಚ್ಚು ಹಿಡಿಯುತ್ತದೆ.

ಇದರ ದೊಡ್ಡ ಗುಣವೆಂದರೆ ಸಾಮೀಪ್ಯ. ಮೊಟ್ಟೆ ಮರಿಗಳಿರುವ ಕೊನೆಯ ಎರಿಗೆ ತಾಗಿದಂತೆ ಇಟ್ಟರೆ ಮೊಟ್ಟೆ ಮರಿಗಳ ಆ ಸಂಸಾರ ಕೋಣೆಯ ಕಾವು ಪಾಕಕ್ಕೂ ತಲುಪುತ್ತದೆ, ನೊಣಗಳು ತಮ್ಮ ಗುಂಪಿನಿಂದ ಒಂದು ಬೆರಳಿನಷ್ಟು ದೂರ ಸರಿದರೆ ಸಾಕು. ಆದರೆ ಬಹಳ ಮಂದಿ ಅದನ್ನು ಪೆಟ್ಟಿಗೆಯ ಗೋಡೆಗೆ ಒತ್ತಿ ಇಡುತ್ತಾರೆ. ಹತ್ತು ಚೌಕಟ್ಟುಗಳ ತುಂಬ ನೊಣವಿರುವ ಕುಟುಂಬದಲ್ಲಿ ಅದರಿಂದ ನಷ್ಟವಿಲ್ಲ. ಐದೇ ಚೌಕಟ್ಟುಗಳಲ್ಲಿ ನೊಣವಿರುವ ಕುಟುಂಬಕ್ಕೆ ಗೋಡೆ ಬದಿಯ ಪಾಕ ಊರಾಚೆಯ ಬಾವಿಯಿದ್ದಂತೆ. ಕುಟುಂಬ ಚಿಕ್ಕದಾಗಿದ್ದಾಗ ನೊಣವಿಲ್ಲದ ಖಾಲಿ ಚೌಕಟ್ಟುಗಳನ್ನು ಫೀಡರಿನ ಆಚೆ ಬದಿಗೆ ಸರಿಸಿ, ಫೀಡರನ್ನು ಒಳಕ್ಕೆ ತಂದುಕೊಳ್ಳಬೇಕು.

ಮುಳುಗುವ ಅಪಾಯ ಎಲ್ಲ ಮಾದರಿಗಳಿಗಿಂತ ಇದರಲ್ಲೇ ಹೆಚ್ಚು. ನುಣುಪಾದ ಪ್ಲಾಸ್ಟಿಕ್ ಗೋಡೆಯಲ್ಲಿ ಪಾಕದಲ್ಲಿ ನೆನೆದ ನೊಣದ ಕಾಲಿಗೆ ಹಿಡಿತ ಸಿಗುವುದಿಲ್ಲ, ಮೇಲಿನಿಂದ ಇಳಿದು ಬರುವ ನೊಣಗಳು ಕೆಳಗಿನವನ್ನು ಒತ್ತುತ್ತಲೇ ಇರುತ್ತವೆ. ಕೊಳ್ಳುವಾಗ ಒಳಗೋಡೆಯ ಮೇಲೆ ಬೆರಳಾಡಿಸಿ ನೋಡಿ: ಉಪ್ಪುಕಾಗದದಂತೆ ಒರಟಾಗಿದ್ದರೆ ಅಥವಾ ಅಡ್ಡಗೀರುಗಳಿದ್ದರೆ ಒಳ್ಳೆಯದು, ಗಾಜಿನಂತೆ ಜಾರಿದರೆ ಬೇರೆ ವ್ಯವಸ್ಥೆ ಬೇಕು. ವ್ಯವಸ್ಥೆಗಳು ಎರಡು ಬಗೆಯವು. ಒಂದು ತೇಲುಹಲಗೆ; ಇನ್ನೊಂದು ಮುಚ್ಚಳದಿಂದ ತಳದವರೆಗೆ ಇಳಿದಿರುವ ಜಾಲರಿಯ ಕೊಳವೆ, ಇದರೊಳಗೆ ಮಾತ್ರ ನೊಣಗಳು ಏಣಿಯಿಳಿದಂತೆ ಇಳಿದು ಪಾಕ ಮುಟ್ಟುತ್ತವೆ, ಉಳಿದ ಬಾಯಿಯೆಲ್ಲ ಮುಚ್ಚಿರುತ್ತದೆ.

ಇವುಗಳಲ್ಲಿ ನಾನು ಕೊಳವೆಯ ಪರ. ತೇಲುಹಲಗೆ ತುಂಬಿದ ಪಾತ್ರೆಯಲ್ಲಿ ನೋಡಲು ಚೆನ್ನಾಗಿರುತ್ತದೆ, ಪಾಕ ಅರ್ಧಕ್ಕಿಳಿದಾಗ ಅದರ ನಿಜಸ್ವರೂಪ ತಿಳಿಯುತ್ತದೆ. ಫೀಡರಿನ ತಳ ಬಾಯಿಗಿಂತ ಕಿರಿದಾಗಿರುವುದು ಸಾಮಾನ್ಯವಾದ್ದರಿಂದ ಹಲಗೆಯ ಒಂದು ತುದಿ ಗೋಡೆಗೆ ಕಚ್ಚಿಕೊಂಡು ಓರೆಯಾಗಿ ನಿಲ್ಲುತ್ತದೆ, ಪಾಕ ಅದರಡಿಯಲ್ಲಿ ಇಳಿಯುತ್ತಲೇ ಹೋಗುತ್ತದೆ, ನೊಣಗಳು ಎತ್ತರದ ತುದಿಯಿಂದ ಜಾರಿ ಬೀಳುತ್ತವೆ. ಸತ್ತ ನೊಣಗಳೆಲ್ಲ ಒಂದೇ ಮೂಲೆಯಲ್ಲಿ ರಾಶಿಯಾಗಿದ್ದರೆ ಹಲಗೆ ಹೀಗೆ ಸಿಕ್ಕಿಕೊಂಡಿತ್ತೆಂದೇ ತಿಳಿಯಬಹುದು. ಹಲಗೆಯನ್ನೇ ಬಳಸುವುದಾದರೆ ತಳದ ಅಳತೆಗೆ ಕತ್ತರಿಸಿ, ಬಾಯಿಯ ಅಳತೆಗಲ್ಲ. ಒಣಗಿದ ಕಡ್ಡಿಗಳನ್ನು ತುಂಬಿಸುವುದೂ ಸಾಕಷ್ಟು ಕೆಲಸ ಮಾಡುತ್ತದೆ, ಆದರೆ ಬೂಷ್ಟು ಹಿಡಿದಾಗ ಅವನ್ನು ತೊಳೆಯುವುದಕ್ಕಿಂತ ಎಸೆಯುವುದೇ ಮೇಲು.

ಕೊರತೆಗಳನ್ನು ಹೇಳಬೇಕಾದರೆ, ಪ್ರತಿ ಸಲ ತುಂಬುವಾಗಲೂ ಪೆಟ್ಟಿಗೆ ಬಿಚ್ಚಲೇಬೇಕು, ಸಂಸಾರ ಕೋಣೆಯ ಕಾವು ಆರುತ್ತದೆ. ಐದು ಚೌಕಟ್ಟುಗಳ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಚೌಕಟ್ಟಿನ ಜಾಗ ಫೀಡರಿಗೆ ಹೋದರೆ ಕುಟುಂಬಕ್ಕೆ ಉಳಿಯುವುದು ನಾಲ್ಕೇ. ತೆಳ್ಳನೆಯ ಪ್ಲಾಸ್ಟಿಕ್ಕಿನದ್ದು ತುಂಬಿದಾಗ ಹೊಟ್ಟೆ ಉಬ್ಬಿಸಿ ಪಕ್ಕದ ಎರಿಗೆ ಒತ್ತುತ್ತದೆ, ನಡುವಿನ ನೊಣದಾರಿ ಮುಚ್ಚುತ್ತದೆ. ನಡುವೆ ಅಡ್ಡಪಟ್ಟಿಯಿರುವುದನ್ನು ಆರಿಸಿದರೆ ಈ ತೊಂದರೆ ಇರುವುದಿಲ್ಲ. ಗಟ್ಟಿಪಾಕ ತುಂಬಿದ ನಾಲ್ಕು ಲೀಟರಿನ ಫೀಡರ್ ಐದು ಕಿಲೋಗಿಂತ ಹೆಚ್ಚು ತೂಗುವುದರಿಂದ ಅದು ತೂಗಾಡುವ ಕಿವಿಗಳು ದಪ್ಪವಾಗಿವೆಯೇ ಎಂದು ನೋಡಬೇಕು. ತುಂಬಿದ ಫೀಡರನ್ನು ಪೆಟ್ಟಿಗೆಗೆ ಇಳಿಸುವ ಸಾಹಸ ಬೇಡ. ಖಾಲಿಯಾಗಿ ಇಳಿಸಿ, ಉದ್ದ ಮೂತಿಯ ಹೂಜಿಯಿಂದ ಒಂದು ಮೂಲೆಯಲ್ಲಿ ನಿಧಾನವಾಗಿ ಹೊಯ್ದು, ಬಾಯಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ನಿಲ್ಲಿಸಬೇಕು. ಒಳಗೆ ನೊಣಗಳಿದ್ದರೆ ಮೊದಲು ತುಸು ಹೊಗೆ ಹಾಕಿ ಮೇಲಕ್ಕೆ ಎಬ್ಬಿಸಬೇಕು. ಹೊರತೆಗೆಯುವಾಗ ಒಳಗೋಡೆಯನ್ನೂ ಜಾಲರಿಯನ್ನೂ ಒಮ್ಮೆ ನೋಡಿ, ರಾಣಿ ಅಲ್ಲಿಗೂ ಇಳಿದಿರುವುದುಂಟು. ಖಾಲಿಯಾದ ಫೀಡರನ್ನು ತಿಂಗಳುಗಟ್ಟಲೆ ಒಳಗೆ ಬಿಟ್ಟರೆ ಬೆಳೆಯುತ್ತಿರುವ ಕುಟುಂಬ ಅದರೊಳಗೇ ಎರಿ ಕಟ್ಟಿಬಿಡುತ್ತದೆ. ಅದನ್ನು ತೆಗೆದ ಕೂಡಲೇ ಆ ಜಾಗಕ್ಕೆ ಚೌಕಟ್ಟು ಇಳಿಸದಿದ್ದರೂ ಅದೇ ಗತಿ.

ಮೇಲಿಡುವ ತಟ್ಟೆ

ಪೆಟ್ಟಿಗೆಯಷ್ಟೇ ಉದ್ದಗಲದ ತೊಟ್ಟಿಯನ್ನು ಸಂಸಾರ ಕೋಣೆಯ ಮೇಲೆ ಕೂರಿಸಿ ಅದರ ಮೇಲೆ ಮುಚ್ಚಳ ಹಾಕುವುದು ಈ ಬಗೆ. ನೊಣಗಳು ನಡುವಿನ ಅಥವಾ ಒಂದು ಬದಿಯ ಸೀಳುದಾರಿಯಲ್ಲಿ ಮೇಲೇರಿ, ಜಾಲರಿಯ ಈಚೆಯಿಂದಲೇ ಪಾಕ ಹೀರಿ ಇಳಿಯುತ್ತವೆ. ಅಮೆರಿಕದ ಜೇನು ಸಾಕಣೆಗಾರ ಸಿ. ಸಿ. ಮಿಲ್ಲರ್ ಅವರ ಹೆಸರಿನ ಮಾದರಿ ಇಂದಿಗೂ ಪ್ರಚಲಿತ. ಹಿಡಿಸುವ ಪ್ರಮಾಣದಲ್ಲಿ ಇದಕ್ಕೆ ಸಾಟಿಯಿಲ್ಲ. ಎಂಟರಿಂದ ಹದಿನೈದು ಲೀಟರ್ ಒಂದೇ ಸಲಕ್ಕೆ ಹೊಯ್ಯಬಹುದು. ಮುಚ್ಚಳವನ್ನಷ್ಟೇ ಎತ್ತಿ ತುಂಬಬಹುದಾದ್ದರಿಂದ ಹೊಗೆಯೂ ಬೇಡ, ಸಂಸಾರ ಕೋಣೆ ಬಿಚ್ಚುವುದೂ ಬೇಡ. ಪೆಟ್ಟಿಗೆಗಳು ದೂರದಲ್ಲಿದ್ದು, ವಾರಕ್ಕೊಮ್ಮೆ ಹೋಗುವವರಿಗೆ, ಹೂವಿನ ಕಾಲ ಮುಗಿದ ಬಳಿಕ ಬಲಿಷ್ಠ ಕುಟುಂಬಗಳಿಗೆ ಬೇಗ ದಾಸ್ತಾನು ತುಂಬಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಲವಾದ ಕುಟುಂಬ ಹಿತವಾದ ಹವೆಯಲ್ಲಿ ಹಲವು ಲೀಟರ್ ಗಟ್ಟಿಪಾಕವನ್ನು ಒಂದೆರಡು ದಿನಗಳಲ್ಲೇ ಕೆಳಗೆ ಇಳಿಸಿಬಿಡುತ್ತದೆ.

ಇದೇ ತಟ್ಟೆ ಚಿಕ್ಕ ಕುಟುಂಬದ ಮೇಲೆ ಕೆಟ್ಟದಾಗಿ ವರ್ತಿಸುತ್ತದೆ. ನೊಣಗಳು ತಮ್ಮ ಗುಂಪು ಬಿಟ್ಟು, ಚೌಕಟ್ಟುಗಳ ಮೇಲೆ ನಡೆದು, ಸೀಳುದಾರಿ ಹತ್ತಿ, ತಣ್ಣನೆಯ ಅಂಗಳದಂಥ ಪಾಕದ ಬಳಿ ನಿಲ್ಲಬೇಕು. ತಾಪಮಾನ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವು ಆ ಪ್ರಯಾಣಕ್ಕೆ ಹೊರಡುವುದೇ ಇಲ್ಲ, ಅಷ್ಟು ತಣ್ಣಗಾದ ಪಾಕವನ್ನು ಹೀರುವುದೂ ಇಲ್ಲ. ಸೀಳುದಾರಿ ಒಂದು ಬದಿಗಿರುವ ತಟ್ಟೆಯಾದರೆ ಅದನ್ನು ಗುಂಪು ಕುಳಿತ ಬದಿಗೇ ಬರುವಂತೆ ತಿರುಗಿಸಿಡಬೇಕು, ಇಡೀ ಪೆಟ್ಟಿಗೆಯನ್ನು ಆ ಬದಿಗೆ ಕೂದಲೆಳೆಯಷ್ಟು ವಾಲಿಸಿದರೆ ಕೊನೆಯ ಪಾಕವೂ ನೊಣಗಳ ಕಡೆಗೇ ಹರಿದು ಬರುತ್ತದೆ. ನಡುವೆ ದಾರಿಯಿರುವ ತಟ್ಟೆಗೆ ಮಾತ್ರ ಪೆಟ್ಟಿಗೆ ಸಮತಟ್ಟಾಗಿರಬೇಕು, ಇಲ್ಲವಾದರೆ ಒಂದು ಅರೆಯಲ್ಲಿ ಪಾಕ ಉಳಿದೇ ಹುಳಿಯುತ್ತದೆ.

ಮರದ ತಟ್ಟೆ ಕೊಳ್ಳುವವರು ಅದರ ಮೂಲೆಗಳನ್ನು ನಂಬಬಾರದು. ಮೊದಲು ನೀರು ತುಂಬಿ ಒಂದು ರಾತ್ರಿ ಕಾಗದದ ಮೇಲಿಟ್ಟರೆ ಬೆಳಗ್ಗೆ ಯಾವ ಕೀಲು ಸೋರುತ್ತದೆಂದು ಕಾಗದವೇ ತೋರಿಸುತ್ತದೆ; ಸೋರುವ ಕೀಲಿಗೆ ಕರಗಿಸಿದ ಜೇನುಮೇಣ ಹೊಯ್ದು ತಿರುಗಿಸಿದರೆ ಮುಚ್ಚುತ್ತದೆ. ತುಂಬಿದ ತಟ್ಟೆಯನ್ನು ಎತ್ತಬೇಕಾಗಿ ಬರುವುದು ಇದರ ಇನ್ನೊಂದು ಕಷ್ಟ. ಹತ್ತು ಲೀಟರ್ ಗಟ್ಟಿಪಾಕ ಹದಿಮೂರು ಕಿಲೋ ತೂಗುತ್ತದೆ, ಎತ್ತುವಾಗ ಒಂದು ಬದಿಗೆ ಓಲಾಡಿ ಚೆಲ್ಲುತ್ತದೆ. ಹಾಗಾಗಿ ಕುಟುಂಬವನ್ನು ಪರಿಶೀಲಿಸುವ ಕೆಲಸವೇನಾದರೂ ಇದ್ದರೆ ತಟ್ಟೆ ತುಂಬುವ ಮುನ್ನವೇ ಮುಗಿಸಿಕೊಳ್ಳಬೇಕು. ಜಾಲರಿ ಒಂದೆಡೆ ಎದ್ದಿದ್ದರೆ ಅಥವಾ ಮುಚ್ಚಳದಲ್ಲಿ ಸಂದಿದ್ದರೆ ನೊಣಗಳು ಪಾಕದ ಬಯಲಿಗೇ ನುಗ್ಗಿ ಸಾವಿರಗಟ್ಟಲೆ ಮುಳುಗುತ್ತವೆ. ಈ ಮಾದರಿಯಲ್ಲಿ ಅಪಘಾತ ಅಪರೂಪ, ಆದರೆ ಆದಾಗ ದೊಡ್ಡದು.

ಗುಂಡಗಿನ ಪುಟ್ಟ ತಟ್ಟೆ ಫೀಡರ್ ಇದರ ತಮ್ಮ. ಒಳಮುಚ್ಚಳದ ತೂತಿನ ಮೇಲೆ ಕೂರುತ್ತದೆ, ಸುಮಾರು ಎರಡು ಲೀಟರ್ ಹಿಡಿಯುತ್ತದೆ, ನಡುವಿನ ಗೋಪುರವನ್ನು ನೊಣಗಳು ಒಳಗಿನಿಂದ ಹತ್ತಿ ಹೊರಮೈಯಲ್ಲಿ ಇಳಿದು ಪಾಕ ಮುಟ್ಟುತ್ತವೆ. ಗೋಪುರದ ಮೇಲಿನ ಪಾರದರ್ಶಕ ಬಟ್ಟಲು ಸರಿಯಾಗಿ ಕುಳಿತಿದ್ದರೆ ಯಾವ ನೊಣವೂ ಮುಳುಗುವುದಿಲ್ಲ, ನೊಣಗಳು ಕುಡಿಯುವುದೂ ಕಣ್ಣಿಗೆ ಕಾಣುತ್ತದೆ. ಎರಡು ಮೂರು ಪೆಟ್ಟಿಗೆಗಳಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಸ ಫೀಡರಿನ ನುಣುಪು ಗೋಪುರವನ್ನು ಉಪ್ಪುಕಾಗದದಿಂದ ಒಮ್ಮೆ ಉಜ್ಜಿ, ಮೊದಲ ಸಲ ಗೋಪುರದೊಳಕ್ಕೆ ಒಂದೆರಡು ಹನಿ ಪಾಕ ಬಿಟ್ಟರೆ ನೊಣಗಳಿಗೆ ದಾರಿ ಬೇಗ ಸಿಗುತ್ತದೆ.

ಬೋರಲು ಡಬ್ಬಿ

ಮುಚ್ಚಳದಲ್ಲಿ ಒಂದು ಮಿಲಿಮೀಟರಿನಷ್ಟು ಸಣ್ಣ ತೂತುಗಳನ್ನು ಹೊಡೆದ ಡಬ್ಬಿಯನ್ನು ಅಥವಾ ಬಕೆಟ್ಟನ್ನು ಪಾಕ ತುಂಬಿ ಬೋರಲಾಗಿ ನೊಣಗಳ ನೆತ್ತಿಯ ಮೇಲೆ, ಒಳಮುಚ್ಚಳದ ತೂತಿನ ಮೇಲೆಯೋ ನೇರವಾಗಿ ಚೌಕಟ್ಟುಗಳ ಮೇಲೆ ಎರಡು ಕಡ್ಡಿಗಳನ್ನಿಟ್ಟೋ ಕೂರಿಸುವುದು ಎಲ್ಲಕ್ಕಿಂತ ಸರಳವಾದ ವಿಧಾನ, ದುರ್ಬಲ ಕುಟುಂಬಕ್ಕೆ ಎಲ್ಲಕ್ಕಿಂತ ಹಿತವಾದದ್ದೂ ಹೌದು. ಗುಂಪಿನಿಂದ ಏರುವ ಕಾವು ಪಾಕವನ್ನು ಬೆಚ್ಚಗಿಡುತ್ತದೆ. ನೊಣ ತಲೆಯೆತ್ತಿ ನಾಲಿಗೆ ಚಾಚಿದರೆ ಸಾಕು. ಮುಳುಗಲು ಅಲ್ಲಿ ತೆರೆದ ಪಾಕವೇ ಇಲ್ಲ. ಸುತ್ತಲೂ ಖಾಲಿ ಕೋಣೆಯೊಂದನ್ನಿಟ್ಟು ಮೇಲೆ ಮುಚ್ಚಳ ಹಾಕಬೇಕು.

ಪಾಕ ಸುರಿಯದೆ ನಿಲ್ಲುವುದು ಡಬ್ಬಿಯೊಳಗೆ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ. ತುಂಬಿದ ಡಬ್ಬಿಯನ್ನು ಪೆಟ್ಟಿಗೆಯ ಬಳಿ ಒಯ್ಯುವ ಮೊದಲೇ ಬೇರೊಂದು ಪಾತ್ರೆಯ ಮೇಲೆ ಮಗುಚಿ ಹಿಡಿಯಬೇಕು. ಮೊದಲು ಎಳೆಯಾಗಿ ಸುರಿಯುತ್ತದೆ, ಎಳೆ ತುಂಡಾಗಿ ಹನಿಯಾಗುತ್ತದೆ, ಹನಿ ವಿರಳವಾಗಿ ಕೆಲವೇ ಕ್ಷಣಗಳಲ್ಲಿ ಪ್ರತಿ ತೂತಿನ ಬಾಯಲ್ಲೂ ಒಂದೊಂದು ಪಾಕದ ಮಣಿ ನೇತಾಡುತ್ತ ನಿಲ್ಲುತ್ತದೆ. ಹನಿ ನಿಲ್ಲದಿದ್ದರೆ ಮುಚ್ಚಳ ಬಿಗಿಯಾಗಿಲ್ಲ ಅಥವಾ ತೂತು ದೊಡ್ಡದಾಗಿದೆ. ಅಂಥ ಡಬ್ಬಿ ರಾತ್ರಿಯೆಲ್ಲ ಸೋರಿ ಕುಟುಂಬವನ್ನೇ ತೋಯಿಸುತ್ತದೆ.

ಬಿಗಿಯಾದ ಡಬ್ಬಿಯೂ ಸೋರುವ ಸಂದರ್ಭ ಒಂದಿದೆ. ಪಾಕ ಅರ್ಧ ಖಾಲಿಯಾಗಿ ಮೇಲೆ ಗಾಳಿ ತುಂಬಿಕೊಂಡಿರುವಾಗ ಬಿಸಿಲೇರಿದರೆ ಆ ಗಾಳಿ ಹಿಗ್ಗಿ ಪಾಕವನ್ನು ಕೆಳಕ್ಕೆ ತಳ್ಳುತ್ತದೆ. ಹಗಲು ರಾತ್ರಿಗಳ ತಾಪಮಾನದಲ್ಲಿ ಹೆಚ್ಚು ಅಂತರವಿರುವ ದಿನಗಳಲ್ಲಿ ದೊಡ್ಡ ಬಕೆಟ್ಟಿಗಿಂತ ಒಂದು ಲೀಟರಿನ ಡಬ್ಬಿಯೇ ಸುರಕ್ಷಿತ, ಅದನ್ನು ಪೂರ್ತಿ ತುಂಬಿಯೇ ಇಡಬೇಕು. ಗಟ್ಟಿಪಾಕ ಹರಳುಗಟ್ಟಿ ತೂತು ಮುಚ್ಚುವ ವಿಷಯ ಮೇಲೆಯೇ ಹೇಳಿದೆ. ಈ ಪಾತ್ರೆ ತೆಳುಪಾಕಕ್ಕೆ ಹೇಳಿ ಮಾಡಿಸಿದ್ದು. ಪೆಟ್ಟಿಗೆ ಚಿಕ್ಕದಾಗಿರುವ, ಕೆಣಕಿದಷ್ಟೂ ಗೂಡು ಬಿಟ್ಟು ಪರಾರಿಯಾಗುವ ಸ್ವಭಾವದ ತುಡುವೆ ಜೇನಿಗೆ ಇದೂ ಗುಂಡಗಿನ ಪುಟ್ಟ ತಟ್ಟೆಯೂ ಒಳ್ಳೆಯ ಆಯ್ಕೆಗಳು, ಏಕೆಂದರೆ ಸಂಸಾರ ಕೋಣೆಯನ್ನು ಕದಲಿಸದೆ ತುಂಬಬಹುದು. ವಿದೇಶಿ ತಳಿಯಾದ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಯ ಅಳತೆಗೆ ಮಾಡಿದ ಚೌಕಟ್ಟು ಫೀಡರ್ ತುಡುವೆಯ ಪೆಟ್ಟಿಗೆಯೊಳಗೆ ಇಳಿಯುವುದೂ ಇಲ್ಲ.

ಪಾಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಚೌಕಟ್ಟುಗಳ ಮೇಲೆ ಮಲಗಿಸಿ, ಮೇಲ್ಮೈಯಲ್ಲಿ ಬ್ಲೇಡಿನಿಂದ ಸಣ್ಣ ಸೀಳು ಹಾಕುವ ವಿಧಾನವೂ ಇದೆ. ತುರ್ತಿಗೆ ನಡೆಯುತ್ತದೆ. ಒಮ್ಮೆ ಸೀಳಿದ ಚೀಲವನ್ನು ಕದಲಿಸುವಂತಿಲ್ಲ, ಮತ್ತೆ ಬಳಸುವಂತಿಲ್ಲ, ಪ್ರತಿ ಸಲ ಕಸ ಬೇರೆ. ನಿತ್ಯದ ಪದ್ಧತಿಯಾಗಿ ಇದನ್ನು ನಾನು ಸೂಚಿಸಲಾರೆ.

ಚಳಿ ಹೆಚ್ಚಿ ನೊಣಗಳು ಗುಂಪು ಬಿಟ್ಟು ಕದಲದ ದಿನಗಳಲ್ಲಿ ದ್ರವವನ್ನೇ ಕೈಬಿಡಬೇಕು. ಆಗ ಮಿದ್ದಿದ ಸಕ್ಕರೆ ಮುದ್ದೆಯನ್ನೋ, ಕಾಗದದ ಮೇಲೆ ಹರಡಿ ನೀರು ಚಿಮುಕಿಸಿದ ಸಕ್ಕರೆಯನ್ನೋ ಗುಂಪಿನ ನೇರ ಮೇಲೆ, ಚೌಕಟ್ಟುಗಳಿಗೆ ತಾಗುವಂತೆ ಇಡುತ್ತಾರೆ. ನೊಣಗಳ ಉಸಿರಿನ ತೇವವೇ ಅದನ್ನು ಕರಗಿಸುತ್ತದೆ. ಇದು ಪ್ರಾಣ ಉಳಿಸುವ ಆಹಾರವೇ ಹೊರತು ದಾಸ್ತಾನು ಕಟ್ಟಿಸುವ ಆಹಾರವಲ್ಲ.

ಇಟ್ಟ ಮೇಲೆ

ಯಾವ ಫೀಡರಾದರೂ ಸಂಜೆ, ನೊಣಗಳ ಹಾರಾಟ ನಿಂತ ಮೇಲೆ ತುಂಬಬೇಕು. ಪಾಕ ಸಿಕ್ಕ ಕುಟುಂಬ ಆಹಾರ ಹತ್ತಿರದಲ್ಲೇ ಇದೆಯೆಂದು ಉದ್ರೇಕಗೊಂಡು ಸುತ್ತಲೂ ಹುಡುಕತೊಡಗುತ್ತದೆ. ರಾತ್ರಿಯಾದರೆ ಆ ಉದ್ರೇಕ ಪೆಟ್ಟಿಗೆಯೊಳಗೇ ತಣಿಯುತ್ತದೆ, ಹಗಲಾದರೆ ಪಕ್ಕದ ಬಡ ಕುಟುಂಬದ ಮೇಲೆ ತಿರುಗುತ್ತದೆ. ಮೊದಲೇ ಬಾಗಿಲನ್ನು ಕಿರಿದು ಮಾಡಿ, ಚೆಲ್ಲಿದ ಹನಿಗಳನ್ನು ನೀರಿನಿಂದ ತೊಳೆದು, ಪೆಟ್ಟಿಗೆಯ ಬಿರುಕುಗಳನ್ನು ಮುಚ್ಚಿ. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲುಗಳಿಲ್ಲದಿದ್ದರೆ ಇರುವೆಗಳು ನೊಣಗಳಿಗಿಂತ ಮೊದಲೇ ಪಾಕ ಪತ್ತೆ ಹಚ್ಚುತ್ತವೆ. ಒಂದೇ ಕಡೆ ಹಲವು ಪೆಟ್ಟಿಗೆಗಳಿದ್ದರೆ ಎಲ್ಲಕ್ಕೂ ಅದೇ ಸಂಜೆ ಕೊಡಿ.

ಎಷ್ಟು ತುಂಬಬೇಕೆಂಬುದನ್ನು ಪಾತ್ರೆಯ ಗಾತ್ರ ನೋಡಿ ನಿರ್ಧರಿಸಬಾರದು. ಸೆಕೆಯಲ್ಲಿ ತೆಳುಪಾಕ ಕೆಲವೇ ದಿನಗಳಲ್ಲಿ ಹುಳಿಯುತ್ತದೆ, ಕಪ್ಪು ಬೂಷ್ಟು ಕಟ್ಟುತ್ತದೆ. ಹೀಗಾಗಿ ಮೂರು ನಾಲ್ಕು ದಿನಗಳಲ್ಲಿ ಮುಗಿಯುವಷ್ಟನ್ನೇ ಹೊಯ್ಯಬೇಕು. ಇಟ್ಟ ಪಾಕ ಇಟ್ಟಂತೆಯೇ ಇದ್ದರೆ ಹೊರಗೆ ಹೂವು ಬಿಟ್ಟಿರಬಹುದು, ಪಾಕ ತಣ್ಣಗಾಗಿರಬಹುದು, ಹುಳಿತಿರಬಹುದು, ಇಲ್ಲವೇ ನೊಣಗಳಿಗೆ ದಾರಿ ಸಿಕ್ಕಿರಲಿಕ್ಕಿಲ್ಲ. ಮೂಸಿ ನೋಡಿ, ಬಾಗಿಲಲ್ಲಿ ಪರಾಗ ಹೊತ್ತು ಬರುವವನ್ನು ಗಮನಿಸಿ, ಆಮೇಲೆ ತೀರ್ಮಾನಿಸಿ. ಅತಿಯಾಗಿ ಕೊಡುವುದರ ತೊಂದರೆ ಬೇರೆ ಬಗೆಯದು. ಸಂಸಾರ ಕೋಣೆಯ ನಡುವಿನ ಎರಿಗಳಲ್ಲಿ, ಮರಿ ಹೊರಬಿದ್ದ ಕಣಗಳಿಗೆಲ್ಲ ಹೊಳೆಯುವ ಪಾಕ ತುಂಬಿಕೊಂಡು ರಾಣಿಗೆ ಮೊಟ್ಟೆಯಿಡಲು ಜಾಗವಿಲ್ಲದಂತಾದರೆ ಕುಟುಂಬ ಪಾಲಾಗಿ ಹಾರಲು ಸಿದ್ಧವಾಗುತ್ತದೆ. ಹಾಗೆ ಕಂಡ ದಿನವೇ ಉಣಿಸುವುದನ್ನು ನಿಲ್ಲಿಸಿ.

ಒಂದೇ ಮಾದರಿಯನ್ನು ಕೊಂಡು ಎಲ್ಲ ಪೆಟ್ಟಿಗೆಗಳಿಗೂ ಹಾಕಬೇಕೆಂಬ ಹಟ ಬೇಕಿಲ್ಲ. ಹೊಸದಾಗಿ ಪಾಲು ಮಾಡಿದ ಅಥವಾ ಹಿಡಿದು ತಂದ ಕುಟುಂಬಕ್ಕೆ ಬೋರಲು ಡಬ್ಬಿಯಲ್ಲಿ ತೆಳುಪಾಕ ಕೊಡಿ. ಆರೇಳು ಚೌಕಟ್ಟುಗಳಿಗೆ ಬೆಳೆದು, ಹೇಗೂ ನೀವು ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಿರುವ ಕುಟುಂಬಕ್ಕೆ ಕೊಳವೆಯಿರುವ ಚೌಕಟ್ಟು ಫೀಡರ್ ತಕ್ಕದ್ದು. ಕೋಣೆ ತುಂಬ ನೊಣವಿದ್ದು ದಾಸ್ತಾನು ಮಾತ್ರ ಹಗುರವಾಗಿರುವ ಕುಟುಂಬಕ್ಕೆ ಹವೆ ಬೆಚ್ಚಗಿರುವಾಗಲೇ ಮೇಲಿನ ತಟ್ಟೆಯಲ್ಲಿ ಗಟ್ಟಿಪಾಕ ಕೊಟ್ಟು ಮುಗಿಸಿ. ಎರಡು ಮಾದರಿಗಳ ನಡುವೆ ತೂಗಾಡುತ್ತಿದ್ದರೆ ಚಿಕ್ಕ ಪಾತ್ರೆಯನ್ನೇ ಆರಿಸಿ, ಹೆಚ್ಚು ಸಲ ತುಂಬಿ; ಎಡವಿದರೂ ಆಗ ನಷ್ಟ ಒಂದು ಲೀಟರಿನದ್ದು.

ಕೆಲಸ ಮುಗಿದ ಫೀಡರನ್ನು ಅದೇ ದಿನ ಹೊರತೆಗೆದು, ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಮರಿಗಳಲ್ಲಿ ರೋಗದ ಲಕ್ಷಣ ಕಂಡ ಕುಟುಂಬದ ಫೀಡರನ್ನು ಗುರುತು ಹಾಕಿ ಬೇರೆಯಾಗಿಡಿ, ಅದು ಇನ್ನೊಂದು ಪೆಟ್ಟಿಗೆಗೆ ಹೋಗಬಾರದು.